ಹನ್ನೊಂದು ಇಪ್ಪತ್ತಮೂರರ ಪಂಚ್

ಒಫೇಲಿಯಾ ಊಟ ಮಾಡಿದ್ದಳು ಎಂದು ಹಾಜರಿ ಯಂತ್ರದ ದಾಖಲೆ ಹೇಳುತ್ತಿತ್ತು. ಮಾಡಿರಲಿಲ್ಲ ಎಂದು ಒಫೇಲಿಯಾ ಹೇಳುತ್ತಿದ್ದಳು. ಎರಡರಲ್ಲಿ ಒಂದು ಸುಳ್ಳು!

ಅವಳು ಕೆಲಸ ಮಾಡುತ್ತಿದ್ದ ಫ್ರೆಸ್ನೋ ನಗರದ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾರೆ. ಮೂರು ವಾರದ ಹಿಂದೆ ಬೆಳಗಿನ ಆರರ ಶಿಫ್ಟಿನಲ್ಲಿ ಒಫೇಲಿಯಾ ತಲೆ ತಿರುಗಿ ಇಸ್ತ್ರಿ ಯಂತ್ರದ ಕಾದ ರೋಲರಿನ ಮೇಲೆ ಬಿದ್ದಳು. ಬಲಗೈಯ ನಾಲ್ಕು ಬೆರಳು ಹೋದವು. ಊಟಕ್ಕೆ ಬಿಡಲಿಲ್ಲ ಎಂದು ದೂರು ಕೊಟ್ಟಳು. ಉಂಡು ಬಂದು ಬಿದ್ದರೆ ನಾವೇನು ಮಾಡೋಣ ಎಂದಿತು ಕಂಪನಿ. ಸುಳ್ಳುಗಾತಿ ಎಂದು ಕೆಲಸದಿಂದಲೂ ತೆಗೆಯಿತು. ಕೈಯೂ ಹೋಯಿತು, ಮಾತಿನ ಮೇಲಿದ್ದ ನಂಬಿಕೆಯೂ ಹೋಯಿತು, ಪಾಪ!

ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಸಿರಾನುಷ್ ಬೆದ್ರೋಸಿಯನ್ ಎಲ್ಲರನ್ನೂ ಲಾಂಡ್ರಿಯ ಊಟದ ಕೋಣೆಗೇ ಕರೆಸಿದಳು. ಮೇಜಿನಾಚೆ ಸೂಪರ್‌ವೈಸರ್ ಡೆಲ್ಬರ್ಟ್. ಈಚೆ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡ ಒಫೇಲಿಯಾ. ಪಕ್ಕದಲ್ಲಿ, ಅದೇ ರೋಲರಿಗೆ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದ ಎರ್ಮಿನಿಯಾ. ದೀಕ್ಷಾಸ್ನಾನದಂದು ಚರ್ಚಿನಲ್ಲಿ ಎರ್ಮಿನಿಯಾ ಒಫೇಲಿಯಾಳ ಮಗಳನ್ನು ಎತ್ತಿ ಹಿಡಿದು ಅವಳಿಗೆ ಧರ್ಮತಾಯಿಯಾದ ದಿನದಿಂದ ಈ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿಲ್ಲ. ಕೊಮಾದ್ರೆ, ಅಂದರೆ ಜೊತೆತಾಯಿ, ಅಷ್ಟೇ.

"ಊಟದ ಪಂಚ್ ಯಾರು ಒತ್ತೋದು, ಡೆಲ್ಬರ್ಟ್?"

"ಅವರವರೇ, ಮೇಡಂ. ಹೋಗೋವಾಗ ಒಮ್ಮೆ, ಬಂದಾಗ ಒಮ್ಮೆ, ಹಾಜರಿ ಯಂತ್ರದಲ್ಲಿ ಅವರವರ ಗುಟ್ಟಿನ ನಂಬರ್ ಹಾಕಿ."

"ಒತ್ತದಿದ್ರೆ?"

"ಚೀಟಿ. ಮೂರು ಎಚ್ಚರಿಕೆ ಚೀಟಿ ಆದ್ರೆ ಮನೆಗೆ. ಶಿಫ್ಟಿನ ಐದನೇ ಗಂಟೆ ಮುಗಿಯೋದ್ರೊಳಗೆ ಅರ್ಧ ಗಂಟೆ ಊಟಕ್ಕೆ ಬಿಡಬೇಕು ಅನ್ನೋದು ನಿಮ್ಮ ಕಾನೂನೇ ತಾನೇ?"

"ಒಫೇಲಿಯಾಗೆ ಎಷ್ಟು ಚೀಟಿ?"

"ಎರಡಾಗಿತ್ತು. ಆಮೇಲೆ ದಾರಿಗೆ ಬಂದ್ಲು."

"ಊಟದ ಹೊತ್ತಲ್ಲಿ ರೋಲರ್ ನಿಲ್ಲಿಸ್ತೀರಾ?"

ಡೆಲ್ಬರ್ಟ್ ತಡವರಿಸಿದ. "ನಿಲ್ಸಿದ್ರೆ ಮತ್ತೆ ಕಾಯೋಕೆ ಮುಕ್ಕಾಲು ಗಂಟೆ ಮೇಡಂ... ಒಬ್ಬರು ಹೋಗ್ತಾರೆ, ಇನ್ನೊಬ್ಬರು ನೋಡ್ಕೋತಾರೆ."

"ಕೇಳಿದ್ರಾ ಮೇಡಂ!" ಒಫೇಲಿಯಾ ಸಿಡಿದಳು. "ಬಿಡೋದೇ ಹತ್ತೂ ಮುಕ್ಕಾಲಿನ ಮೇಲೆ, ಹನ್ನೊಂದರೊಳಗೆ ಇಬ್ಬರೂ ಊಟಕ್ಕೆ ಹೋಗಬೇಕಂತೆ, ಯಂತ್ರ ಮಾತ್ರ ನಿಲ್ಲಬಾರದಂತೆ! ಚೀಟಿ ನಿಂತಾಗ, ಇವನಿಗೂ ಕರುಳಿದೆ, ಕಣ್ಣು ಮುಚ್ಕೊಂಡಿದಾನೆ ಅಂದ್ಕೊಂಡಿದ್ದೆ. ನನ್ನ ಪಂಚ್ ಇವನೇ ಒತ್ತಿ ನನ್ನ ತಲೆ ಮೇಲೆ ಕಲ್ಲು ಹಾಕಿದ!"

"ನಾನಲ್ಲ! ದೇವರಾಣೆ ನಾನಲ್ಲ!"

ಸಿರಾನುಷಳಿಗೆ ಈ ಡೆಲ್ಬರ್ಟನೇ ಕಳ್ಳನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಂದಿನ ರಾತ್ರಿ ಅವಳು ಮತ್ತೆ ಮತ್ತೆ ಲೆಕ್ಕ ಹಾಕಿದ್ದೂ ಅದಕ್ಕೇ. ಸತ್ಯ ಬೇರೆ ಕಡೆ ಹೋಗಿ ನಿಂತಿತ್ತು.

"ಡೆಲ್ಬರ್ಟ್ ನಿಜ ಹೇಳ್ತಿದಾರೆ," ಎಂದಳು. "ದಾಖಲೆಯಲ್ಲಿ ಎಲ್ಲರೂ ನೋಡಿದ್ದು ಊಟಕ್ಕೆ ಹೋದ ಪಂಚ್ ಮಾತ್ರ — ಹತ್ತು ಐವತ್ಮೂರು. ವಾಪಸ್ ಬಂದ ಪಂಚನ್ನ ಯಾರೂ ನೋಡಲಿಲ್ಲ. ಅದು ಹನ್ನೊಂದು ಇಪ್ಪತ್ಮೂರು."

"ಅದಕ್ಕೇನೀಗ?" ಎಂದ ಡೆಲ್ಬರ್ಟ್.

"ಅಪಘಾತ ಸುಮಾರು ಹನ್ನೊಂದೂವರೆಗೆ ಅಂತ ನೀವು ಅಂದಾಜಿನಲ್ಲಿ ಬರೆದ್ರಿ. ಆಂಬುಲೆನ್ಸಿನವರು ಅಂದಾಜು ಬರೆಯಲ್ಲ. ಅವರು ಒಫೇಲಿಯಾನ ಗಾಡಿಗೆ ಹತ್ತಿಸಿ ಹೊರಟದ್ದು ಹನ್ನೊಂದು ಹದಿನೆಂಟಕ್ಕೆ. ನೀವೂ ಅದೇ ಗಾಡಿಯಲ್ಲಿದ್ರಿ. ಅಂದ್ಮೇಲೆ ಐದು ನಿಮಿಷದ ನಂತರ ಇಲ್ಲಿ ಒಫೇಲಿಯಾ ಹೆಸರಲ್ಲಿ ಕೆಲಸಕ್ಕೆ ವಾಪಸ್ ಬಂದೋರು ಯಾರು?"

ಸಿರಾನುಷ್ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಒಳಗಿದ್ದವರೆಲ್ಲ ಅವಳು ಬಿದ್ದದ್ದನ್ನ ಕಂಡಿದ್ರು. ಕಂಡವರು ಆ ಗುಂಡಿ ಒತ್ತೋದುಂಟೆ? ಒತ್ತಿದವರಿಗೆ ಅವಳು ಬಿದ್ದದ್ದೇ ಗೊತ್ತಿರಲಿಲ್ಲ. ಅವರು ಹೊರಗೆ ಊಟ ಮಾಡ್ತಿದ್ರು. ಆ ಹೊತ್ತಿಗೆ ಊಟಕ್ಕೆ ಹೋಗಿದ್ದೋರು ಒಬ್ಬರೇ. ಒಫೇಲಿಯಾ, ನಿನ್ನ ಗುಟ್ಟಿನ ನಂಬರ್ ಏನು?"

"ನನ್ನ ಮಗಳು ಹುಟ್ಟಿದ ದಿನ..." ಎನ್ನುತ್ತ ಒಫೇಲಿಯಾ ನಿಧಾನವಾಗಿ ಪಕ್ಕಕ್ಕೆ ತಿರುಗಿದಳು.

ಎರ್ಮಿನಿಯಾ ಮುಖ ಮುಚ್ಚಿಕೊಂಡಿದ್ದಳು.

"ಮೂರನೇ ಚೀಟಿ ಬಂದ್ರೆ ನಿನ್ನ ಕೆಲಸ ಹೋಗುತ್ತಲ್ಲ ಅಂತ, ಕೊಮಾದ್ರೆ... ನನ್ನ ಪಂಚ್ ಜೊತೆ ನಿಂದೂ ಒತ್ತಿಬಿಡ್ತಿದ್ದೆ. ಕಾರಲ್ಲಿ ರೇಡಿಯೋ ಹಾಕ್ಕೊಂಡು ಉಣ್ತಿದ್ದೆ. ಗಾಡಿ ಬಂದದ್ದೂ ಕೇಳಿಸಲಿಲ್ಲ. ಹಿಂಬಾಗಿಲಿಂದ ಬಂದು ಒತ್ತಿ, ಆಮೇಲೆ ಒಳಗೆ ನೋಡಿದ್ರೆ... ಹೇಳೋಕೆ ಬಾಯೇ ಬರಲಿಲ್ಲ."

"ಸರಿ ಹಾಗಾದ್ರೆ," ಡೆಲ್ಬರ್ಟ್ ಎದ್ದು ನಿಂತ. "ಕಂಪನಿ ತಪ್ಪೇನಿಲ್ಲ ಅಂತಾಯ್ತು."

"ಕೂತ್ಕೊಳ್ಳಿ!" ಸಿರಾನುಷಳ ದನಿ ಏರಿತು. "ಪಂಚ್ ಒತ್ತಿದ ಬೆರಳು ಎರ್ಮಿನಿಯಾಳದ್ದು, ಒಪ್ತೀನಿ. ಯಂತ್ರ ನಿಲ್ಲಿಸದೆ ಚೀಟಿ ಕೊಟ್ಟವರು ಯಾರು? ಇವಳು ಸಾಕ್ಷಿ ಬರೆದುಕೊಟ್ರೆ ಒಫೇಲಿಯಾ ಸುಳ್ಳು ಹೇಳಿಲ್ಲ ಅಂತಾಗುತ್ತೆ, ಕಂಪನಿ ಉತ್ತರ ಕೊಡಬೇಕಾಗುತ್ತೆ."

"ಇನ್ನೊಬ್ಬರ ಪಂಚ್ ಒತ್ತಿದ್ದಕ್ಕೆ ಇವಳ ಕೆಲಸವಂತೂ ಇವತ್ತೇ ಹೋಯ್ತು," ಎಂದ ಡೆಲ್ಬರ್ಟ್.

ಅದು ಸಿರಾನುಷಳಿಗೂ ಗೊತ್ತಿತ್ತು. ಕೂಲಿಯವರ ಹೊಟ್ಟೆಗೆ ಅನ್ನ ಬೀಳಲೆಂದು ಮಾಡಿದ ಕಾನೂನನ್ನು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದವಳು ಅವಳು. ಇವತ್ತು ಅದೇ ಕಾನೂನು ಇವರ ಅನ್ನ ಕಿತ್ತುಕೊಂಡಿತ್ತು.

ಒಫೇಲಿಯಾ ಎಡಗೈಯಿಂದ ತನ್ನ ದೂರಿನ ಕಾಗದವನ್ನು ಎಳೆದುಕೊಂಡಳು.

"ಇದನ್ನ ಹರಿದುಹಾಕಿ ಮೇಡಂ. ನಾನು ಉಂಡಿದ್ದೆ. ಮರೆತುಬಿಟ್ಟಿದ್ದೆ."

"ಸುಮ್ನಿರು ಕೊಮಾದ್ರೆ." ಎರ್ಮಿನಿಯಾ ಕಾಗದ ಕಿತ್ತುಕೊಂಡು ಸಿರಾನುಷಳ ಮುಂದಿಟ್ಟಳು. "ಬರ್ಕೊಳ್ಳಿ ಮೇಡಂ. ಅವತ್ತು ಉಂಡೋಳು ನಾನೊಬ್ಬಳೇ."