ಅಜ್ಜನ ಹಸಿರು ಬೆಂಚು

"ಇನ್ನೊಂದು ಕೋಟ್ ಹೊಡೆಯುವಾ?" ಶ್ರೀವಾಣಿ ಬ್ರಷ್ ಎತ್ತಿ ಹಿಡಿದು ಕೇಳಿದಳು. ಅವಳ ಮೂಗಿನ ತುದಿಗೂ ನೀಲಿ ಬಣ್ಣ ಹತ್ತಿತ್ತು.

"ಸಾಕ ಬಿಡು. ಮಸ್ತ್ ಕಾಣ್ಲತ್ತದ," ಎಂದಳು ಮಲ್ಲಿಕಾ. ಅವಳು ಪಕ್ಕದ ಗೋದಾಮಿನಲ್ಲಿ ಲೋಡಿಂಗ್ ಕೆಲಸ ಮಾಡುವ ಮಾಪಣ್ಣನ ಮಗಳು. ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು.

ಅವರು ಬಳಿದದ್ದೂ ಒಂದು ಬೆಂಚೇ. ಪಿಂಪಳವಾಡಿ ಸ್ಟೇಷನ್ನಿನ ವೇಟಿಂಗ್ ರೂಮಿನ ಉದ್ದನೆಯ ಮರದ ಬೆಂಚು. ಬೆಳಿಗ್ಗೆಯವರೆಗೂ ಕಂದಾಗಿದ್ದದ್ದು ಈಗ ನೀಲಿಯಾಗಿ ಫಳಫಳ ಹೊಳೆಯುತ್ತಿತ್ತು. ಖುಷಿಗೆ ಶ್ರೀವಾಣಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುಂಬಯಿ ಲೋಕಲ್ ಲೈನಿನಲ್ಲಿ ಅಂಬರನಾಥ ದಾಟಿದ ಮೇಲೆ ಸಿಗುವ ಈ ಪುಟ್ಟ ಸ್ಟೇಷನ್ ಬ್ರಿಟಿಷರ ಕಾಲದ್ದು. ಕರಿಕಲ್ಲಿನ ಗೋಡೆ, ಹೆಂಚಿನ ಮಾಡು. ಅದರ ಜಗಲಿಯಲ್ಲೇ ಶ್ರೀವಾಣಿಯ ಅಜ್ಜ ಪುಂಡರೀಕಾಕ್ಷರ ಇಡ್ಲಿ-ದೋಸೆ ಕ್ಯಾಂಟೀನು. ಕಾಫಿ ಕುಡಿಯಲು ಬಂದವರಿಗೆಲ್ಲ ಅಜ್ಜ ಒಂದೇ ಕತೆ ಹೇಳುತ್ತಿದ್ದರು: "ನಾನು ಉಡುಪಿಯಿಂದ ಬಂದಿಳಿದ ರಾತ್ರಿ ಈ ಬೆಂಚಿನ ಮೇಲೆಯೇ ಮಲಗಿದ್ದು. ಆಗ ಅದು ಹಸಿರು ಇತ್ತು." ಕಂದು ಬೆಂಚನ್ನು ನೋಡಿ ಎಲ್ಲರೂ ನಗುತ್ತಿದ್ದರು. "ಅಜ್ಜ, ನೀವು ಬೇರೆ ಸ್ಟೇಷನ್ನಲ್ಲಿ ಮಲಗಿರಬೇಕು," ಎಂದು ಶ್ರೀವಾಣಿಯೂ ಚುಡಾಯಿಸುತ್ತಿದ್ದಳು.

ಈಗ ಸ್ಟೇಷನ್ ಕಟ್ಟಡವನ್ನೇ ಒಡೆದು ಹೊಸದು ಕಟ್ಟುವ ಮಾತು ನಡೆದಿತ್ತು. ಒಡೆದರೆ ಕ್ಯಾಂಟೀನೂ ಹೋದ ಹಾಗೆಯೇ. ಉಳಿಸುವುದೋ ಬಿಡುವುದೋ ಎಂದು ನೋಡಲು ಹೆರಿಟೇಜ್ ಕಮಿಟಿಯ ಮಾನಸಿ ಮೇಡಂ ಥಾಣೆ ನಗರದಿಂದ ಹನ್ನೊಂದರ ಲೋಕಲ್‌ಗೆ ಬರುವವರಿದ್ದರು. "ಬೆಂಚು ಒರೆಸಿಡು ಮಗಾ," ಎಂದಿದ್ದರು ಅಜ್ಜ. ಬರೀ ಒರೆಸಿದರೆ ಏನು ಚೆಂದ? ನೆಂಟರು ಬರುವಾಗ ಮನೆಗೆ ಬಣ್ಣ ಹೊಡೆಸುವುದಿಲ್ಲವೇ? ಕ್ಯಾಂಟೀನಿನ ಬಾಗಿಲಿಗೆ ಬಳಿದು ಉಳಿದ ಪೇಂಟು ಮೂಲೆಯಲ್ಲಿ ಇದ್ದೇ ಇತ್ತು.

ಅಷ್ಟರಲ್ಲಿ ಅಜ್ಜ ಒಳಗೆ ಬಂದರು. ಬೆಂಚು ನೋಡಿ ಅಲ್ಲೇ ನಿಂತುಬಿಟ್ಟರು.

"ಎಂತದು ಇದು?"

"ಸರ್ಪ್ರೈಸ್ ಅಜ್ಜ."

ಅಜ್ಜ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಅವರು ಬರುವುದೇ ಹಳತು ನೋಡಲಿಕ್ಕೆ ಮಗಾ. ಎಲ್ಲ ಹೊಸತು ಕಂಡರೆ, ಇಲ್ಲಿ ಉಳಿಸಲಿಕ್ಕೆ ಎಂತ ಉಂಟು ಅಂತ ಕೇಳ್ತಾರೆ," ಎಂದು ಹೊಸ್ತಿಲ ಮೇಲೆ ಕೂತರು.

ಶ್ರೀವಾಣಿಯ ಕಣ್ಣಲ್ಲಿ ನೀರು ಬರುವ ಮೊದಲೇ ಮಲ್ಲಿಕಾ ಅವಳ ಕೈ ಎಳೆದಳು. "ಅಳಬ್ಯಾಡ. ಇನ್ನಾ ಹಸಿ ಅದ, ಒರೆಸಿದ್ರ ಹೋಗ್ತದ. ಟರ್ಪೆಂಟೈನ್ ಎಲ್ಲದ?"

ಇಬ್ಬರೂ ಓಡಿದರು. ಬಾಟಲಿ ಬಂತು, ಹಳೆ ಬನಿಯನ್ ಬಂತು. ಒಬ್ಬಳು ಆ ತುದಿ, ಒಬ್ಬಳು ಈ ತುದಿ. ತಿಕ್ಕಿದ್ದೇ ತಿಕ್ಕಿದ್ದು. ನೀಲಿ ಕರಗಿ ಕಂದು ಮೇಲೆ ಬರತೊಡಗಿತು. ಹಲಗೆಗಳ ಸಂದಿನಲ್ಲಿ ಮಾತ್ರ ಬಣ್ಣ ಹಟ ಹಿಡಿದು ಕೂತಿತ್ತು. ಶ್ರೀವಾಣಿ ಕ್ಯಾಂಟೀನಿಗೆ ನುಗ್ಗಿ ದೋಸೆ ಮಗುಚುವ ಸಟ್ಟುಗ ಹಿಡಿದು ಬಂದಳು.

"ಜಲ್ದಿ ಜಲ್ದಿ, ಗಾಡಿ ಅಂಬರನಾಥ ಬಿಟ್ಟಿರ್ತದ," ಎಂದಳು ಮಲ್ಲಿಕಾ.

ಶ್ರೀವಾಣಿ ಜೋರಾಗಿ ಕೆರೆದಳು. ಎಷ್ಟು ಜೋರೆಂದರೆ ನೀಲಿಯ ಜೊತೆ ಕಂದೂ ಚಕ್ಕೆಯಾಗಿ ಎದ್ದುಬಂತು. ಅಯ್ಯೋ, ಇದ್ದದ್ದೂ ಹೋಯಿತಲ್ಲ ಎಂದು ಬಗ್ಗಿ ನೋಡಿದಳು. ಕಂದಿನ ಕೆಳಗೆ ಹಳದಿ ಇತ್ತು. ಹಳದಿಯೂ ಎದ್ದಲ್ಲಿ, ಅಂಗೈಯಗಲ, ಹಸಿರು.

"ಅಜ್ಜ," ಎಂದಳು. "ಅಜ್ಜ, ಹಸಿರು."

ಅಜ್ಜ ಕನ್ನಡಕ ಹಾಕಿಕೊಂಡು ಬಂದು ಅದರ ಮೇಲೆ ಬೆರಳಾಡಿಸಿದರು. "ಇದೇ. ನಾನು ಹೇಳಿದ್ದಲ್ವಾ, ಇದೇ ಹಸಿರು," ಎಂದರು. ಅವರ ಕಣ್ಣು ತುಂಬಿಬಂದಿತ್ತು.

ಹೊರಗೆ ಲೋಕಲ್ ಹಾರ್ನ್ ಹೊಡೆಯಿತು.

ಮಾನಸಿ ಮೇಡಂ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ಯಾರು ಪೇಂಟ್ ಮಾಡಿದ್ದು?" ಎಂದು ಮರಾಠಿಯಲ್ಲಿ ಕೇಳಿದರು. ಶ್ರೀವಾಣಿ ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. ಪಕ್ಕದಲ್ಲಿ ಮಲ್ಲಿಕಾಳ ನೀಲಿ ಕೈಯೂ ಮೇಲೆ ಹೋಯಿತು.

ಮೇಡಂ ಹುಬ್ಬು ಗಂಟಿಕ್ಕಿ ಬೆಂಚಿನ ಮುಂದೆ ಮೊಣಕಾಲೂರಿ ಕೂತರು. ಕಂದು, ಹಳದಿ, ಹಸಿರು ಪದರಗಳನ್ನು ನೋಡುತ್ತ ನೋಡುತ್ತ ಗಂಟು ಸಡಿಲವಾಯಿತು. ಅಜ್ಜ ಅದೇ ಹಳೆಯ ಕತೆ ತೆಗೆದರು. ಈ ಸಲ ಯಾರೂ ನಗಲಿಲ್ಲ. ಮೇಡಂ ಅಂತೂ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಯಾವ ವರ್ಷ? ತಲೆ ಯಾವ ಕಡೆ? ಬೇರೆ ಯಾರು ಮಲಗಿದ್ದರು?

ಕೊನೆಗೆ ಎದ್ದು, "ಗೋಡೆ, ಹೆಂಚು ನೋಡಲು ಬಂದಿದ್ದೆ. ಈ ಬೆಂಚಿನ ವಿಷಯ ನಿಮ್ಮಿಂದಲೇ ಗೊತ್ತಾಗಿದ್ದು. ಸ್ಟೇಷನ್ ಒಡೆಯಬಾರದು ಅಂತಲೇ ಬರೆಯುತ್ತೇನೆ," ಎಂದರು. ಆಮೇಲೆ ಶ್ರೀವಾಣಿಯ ಕೈಯಿಂದ ಸಟ್ಟುಗ ಕಿತ್ತುಕೊಂಡು, "ಇನ್ನು ಒಂದು ಚೂರೂ ಕೆರೆಯಬಾರದು," ಎಂದು ಗದರಿದರು.

ಮಧ್ಯಾಹ್ನದ ಲೋಕಲ್‌ಗೆ ಮೇಡಂ ಹೋದರು. ಬೆಂಚಿನ ಕಾಲಿನ ಹಿಂದೆ ಒಂದು ಗೆರೆ ನೀಲಿ ಹಾಗೇ ಉಳಿದದ್ದು ಮಲ್ಲಿಕಾಳ ಕಣ್ಣಿಗೆ ಬಿತ್ತು. "ಒರೆಸಿಬಿಡ್ಲಾ?"

ಶ್ರೀವಾಣಿ ಬನಿಯನ್ ಎತ್ತಿಕೊಂಡಳು. ಒಮ್ಮೆ ಹಸಿರಿನ ಕಡೆ ನೋಡಿದಳು, ಒಮ್ಮೆ ಆ ನೀಲಿ ಗೆರೆಯ ಕಡೆ. ಬನಿಯನ್ನನ್ನು ಬಕೆಟ್ಟಿಗೆ ಹಾಕಿದಳು.

"ಇರಲಿ ಬಿಡು."

ಅಜ್ಜ ಹಸಿರಿನ ಪಕ್ಕದಲ್ಲೇ ಕೂತಿದ್ದರು. "ಸ್ವಲ್ಪ ಆಚೆ ಕೂತ್ಕೊಳ್ಳಿ ಅಜ್ಜ," ಎಂದು ಇಬ್ಬರೂ ಒತ್ತಿಕೊಂಡು ಕೂತರು. "ಆ ರಾತ್ರಿ ಎಂತ ಆಯ್ತು, ಮೊದಲಿನಿಂದ ಹೇಳಿ."