ಕಣಿವೆಯಲ್ಲಿ ಹೆಚ್ಚಾದ ಮುನ್ನೂರು ಮೀಟರ್

ಚೀಲ ಗೂಟದಲ್ಲೇ ಇತ್ತು. ಒಳಗೆ ಪಂಪು ಇತ್ತು, ಅರ್ಧ ತಿಂದ ಬ್ರೆಡ್ಡಿತ್ತು, ಒದ್ದೆ ಕಾಲುಚೀಲವೂ ಇತ್ತು. ಪುಸ್ತಕ ಮಾತ್ರ ಇರಲಿಲ್ಲ.

ಅಂಚೆಯವಳು ಚೀಲವನ್ನು ಚಹಾ ಅಂಗಡಿಯ ಮೇಜಿನ ಮೇಲೆ ಬೋರಲು ಹಾಕಿ ಮೂರು ಸಲ ಕೊಡವಿದಳು. ಮೂರನೆಯ ಸಲಕ್ಕೆ ಒಂದಿಷ್ಟು ಮರಳು ಉದುರಿತು, ಅಷ್ಟೇ. ಎರಡು ವರ್ಷದ ಭಾನುವಾರಗಳೆಲ್ಲ ಆ ನೀಲಿ ರಟ್ಟಿನ ಪುಸ್ತಕದಲ್ಲಿದ್ದವು. ಊರಾಚೆಯ ಸುಣ್ಣಕಲ್ಲಿನ ಕಣಿವೆಯೊಳಗೆ, ಹೊಳೆಯ ಗುಂಟ, ಉರುಳುವ ಕಡೆ ಸೈಕಲ್ ಉರುಳಿಸಿ ಅದರ ದೂರದ ಮೀಟರ್ ನೋಡಿಕೊಂಡು, ಉರುಳದ ಕಡೆ ಹೆಗಲಿಗೇರಿಸಿಕೊಂಡು ಹೋಗಿ ಅವಳು ಅಳೆದು ಬರೆದ ಲೆಕ್ಕ ಅದು. ಎಲ್ಲಿ ಗೋಡೆಗಳು ಎರಡು ಕೈಗೂ ತಾಗುವಷ್ಟು ಹತ್ತಿರ ಬರುತ್ತವೆ, ಎಲ್ಲಿ ನೀರು ಸೊಂಟ ಮುಟ್ಟುತ್ತದೆ, ಹೊಳೆ ಏರಿದರೆ ಓಡಿ ಹತ್ತಬೇಕಾದ ಗವಿ ಯಾವುದು—ಎಲ್ಲವೂ ಅದರಲ್ಲಿತ್ತು.

ನಕ್ಷೆ ಕಚೇರಿಯವರು ಕಣಿವೆಯನ್ನು ಜನರಿಗೆ ತೆರೆಯುವವರಿದ್ದರು. ಯಾರ ನಕ್ಷೆ ಒಪ್ಪಿಗೆಯಾಗುತ್ತದೋ ಅವರಿಗೇ ದಾರಿಯ ಉಸ್ತುವಾರಿ ಕೆಲಸ. ಬಾಗಿಲು ಬಾಗಿಲಿಗೆ ಕಾಗದ ಹಂಚುವುದನ್ನು ಬಿಟ್ಟು ದಿನವೂ ಕಣಿವೆಯಲ್ಲೇ ಇರಬಹುದು. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಬಯಸಿದವಳಲ್ಲ. ಗಡುವಿಗೆ ಉಳಿದದ್ದು ಎಂಟೇ ದಿನ.

ಅವಳು ಪಕ್ಕದ ಬೀದಿಗೆ ಕಾಗದ ಕೊಟ್ಟು ಬರುವಷ್ಟರಲ್ಲಿ ಅಂಗಡಿಗೆ ಬಂದವರು ಇಬ್ಬರೇ ಎಂದಳು ಚಹಾದ ಅಕ್ಕ. ಒಬ್ಬರು ಶಿಳ್ಳೆಯವರು. ಕೊರಳಿಗೆ ಶಿಳ್ಳೆ ಕಟ್ಟಿಕೊಂಡು ಪ್ರವಾಸಿಗಳನ್ನು ಕುರಿಮಂದೆಯ ಹಾಗೆ ಹೊಡೆದುಕೊಂಡು ಹೋಗುವ ಮಾರ್ಗದರ್ಶಿ. ಇನ್ನೊಬ್ಬರು? ಅಕ್ಕ ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು.

"ನಿಮ್ಮ ಯಜಮಾನ್ರೇ ಕಣೇ."

ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು. ಅವನಿಗೆ ರಜೆಯೆಂಬುದು ಭಾನುವಾರ ಒಂದೇ. ಆ ದಿನವೇ ಹೆಂಡತಿ ಮನೆಯಲ್ಲಿರುವುದಿಲ್ಲ. "ಆ ಪುಸ್ತಕಾನ ಒಂದಿನ ಒಲೆಗೆ ಹಾಕ್ತೀನಿ ನೋಡು" ಎಂದು ಹೋದ ವಾರವಷ್ಟೇ ರೇಗಿದ್ದ. ಅವನ ಒಲೆಯೋ, ಗ್ರಂಥಾಲಯವನ್ನೇ ಕೊಟ್ಟರೂ ನುಂಗಿ ನೀರು ಕುಡಿಯುವಂಥದು.

ಅವಳು ಬೇಕರಿಯ ದಾರಿಯಾಗಿ ಸೋದರಮಾವನ ಸೈಕಲ್ ಅಂಗಡಿಗೆ ಹೋದಳು. ತೂತು ಹುಡುಕುವುದರಲ್ಲಿ ಮಾವನದು ಎತ್ತಿದ ಕೈ. ಟ್ಯೂಬಿನ ತೂತಾದರೂ ಸರಿ, ಮಾತಿನ ತೂತಾದರೂ ಸರಿ. ಊರಲ್ಲಿ ಏನೇ ಕಳೆದರೂ ಜನ ಮೊದಲು ಬರುವುದು ಅವನ ಬಳಿಗೇ. ಇದ್ದ ಐಬು ಒಂದೇ. ಮದುವೆಯಾಗಿ ಮೂವತ್ತು ವರ್ಷವಾದರೂ ಅವನ ಬಾಯಿಂದ "ತಪ್ಪಾಯ್ತು" ಎಂಬ ಮಾತು ಬಂದಿಲ್ಲವೆಂದು ಅತ್ತೆ ಹೋದಲ್ಲೆಲ್ಲ ಸಾರುತ್ತಿದ್ದಳು.

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಅದು ಎಂದಿನಂತೆ ಮೂಗು ತಗ್ಗಿಸಿ ನಿಂತಿತು. ಏಳು ತಿಂಗಳ ಹಿಂದೆ ಕಣಿವೆಯ ವಾಲುಬಂಡೆಯ ಹತ್ತಿರ ಮುಂದಿನ ಗಾಲಿ ಸೊಟ್ಟಗಾದಾಗ ಮಾವ ಒಂದು ಚಿಕ್ಕ ಗಾಲಿಯನ್ನು ಎರವಲು ಹಾಕಿಕೊಟ್ಟಿದ್ದ. ಅವಳ ಗಾಲಿ "ಮುಂದಿನ ವಾರ" ನೆಟ್ಟಗಾಗಲೆಂದು ಇನ್ನೂ ಮೊಳೆಗೆ ನೇತಾಡುತ್ತಿತ್ತು.

"ಗಂಡನ್ನ ಕೇಳಿದ್ಯಾ?"

"ಬರ್ತಾ ದಾರೀಲೇ ಕೇಳ್ದೆ. ನನಗೇಂತ ಬನ್ನು ತಂದಿದ್ರಂತೆ. ನಾನಿರಲಿಲ್ಲ, ವಾಪಸ್ ಹೋದ್ರಂತೆ."

"ನಂಬಿದ್ಯಾ?"

ಮಾವ ಗಾಳಿ ತುಂಬಿದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದುಮಿ ಹಿಡಿದ.

"ಮುಳುಗಿಸಿ ಸುಮ್ನೆ ಕಾಯ್ಬೇಕಮ್ಮ. ತೂತಿದ್ರೆ ಗುಳ್ಳೆ ಬಂದೇ ಬರುತ್ತೆ."

ಐದನೆಯ ದಿನ ಗುಳ್ಳೆ ಬಂತು. ಶಿಳ್ಳೆಯವರು ಕಚೇರಿಗೆ ಒಂದು ನಕ್ಷೆ ಕೊಟ್ಟಿದ್ದರು. ಅಲ್ಲಿನ ಅಧಿಕಾರಿಣಿ ಅದನ್ನು ಗೋಡೆಗೆ ಅಂಟಿಸಿದ್ದರು. ಕಣಿವೆಯ ಬಾಯಿಯಿಂದ ವಾಲುಬಂಡೆಗೆ ಸಾವಿರದ ಇನ್ನೂರು ಮೀಟರ್. ಅಲ್ಲಿಂದ ಬಂಡೆರಾಶಿಗೆ ಒಂದು ಸಾವಿರ. ಬಂಡೆರಾಶಿ ದಾಟಲು ನೂರ ನಲವತ್ತು. ಅಲ್ಲಿಂದ ಜಲಪಾತಕ್ಕೆ ಎರಡು ಸಾವಿರ. ಒಟ್ಟು ನಾಲ್ಕು ಸಾವಿರದ ಮುನ್ನೂರ ನಲವತ್ತು. ಅಂಚೆಯವಳಿಗೆ ಅದನ್ನು ಓದುವುದೇ ಬೇಕಿರಲಿಲ್ಲ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

"ಇದು ನನ್ನ ಲೆಕ್ಕ" ಎಂದಳು. ಶಿಳ್ಳೆಯವರನ್ನು ಕರೆಸಲಾಯಿತು. ಅವಳ ಜೊತೆಗೆ ಬಂದಿದ್ದ ಮಾವ ಬಲು ವಿನಯದಿಂದ ಕೇಳತೊಡಗಿದ.

"ಯಾವುದ್ರಲ್ಲಿ ಅಳೆದ್ರಿ ಸ್ವಾಮಿ?"

"ಹಗ್ಗದಲ್ಲಿ. ಇಪ್ಪತ್ತು ಮೀಟರಿನ ಹಗ್ಗ."

"ಒಂದೇ ಹಗ್ಗವೇ? ಬಾಯಿಂದ ಜಲಪಾತದವರೆಗೂ?"

"ಒಂದೇ."

"ಸೈಕಲ್ಲು?"

ಶಿಳ್ಳೆಯವರು ನಕ್ಕರು. "ಕಣಿವೆಗೆ ಸೈಕಲ್ ತಗೊಂಡು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ? ಇಂಚಿಂಚೂ ಕಾಲಲ್ಲೇ ನಡೆದು ಅಳೆದದ್ದು."

"ಹಾಗಾದ್ರೆ ಇವಳ ಲೆಕ್ಕವೂ ನಿಮ್ಮ ಲೆಕ್ಕವೂ ಒಂದೇ ಆದದ್ದು ಹೇಗೆ?"

ಶಿಳ್ಳೆಯವರ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಕಣಿವೆ ಒಂದೇ ತಾನೇ ಮೇಡಂ? ಸರಿಯಾಗಿ ಅಳೆದವರ ಲೆಕ್ಕ ಒಂದೇ ಆಗ್ದೆ ಇನ್ನೇನಾಗುತ್ತೆ? ಇವರದ್ದು ಸರಿ ಅಂದ್ರೆ ನನ್ನದೂ ಸರಿ."

ಅಧಿಕಾರಿಣಿ ನ್ಯಾಯಸ್ಥೆ. ಈ ಮಾತಿಗೂ ತಲೆಯಾಡಿಸಿದರು. ಆಗ ಮಾವ, ಕಣಿವೆಯನ್ನು ಕಚೇರಿಯ ಉಕ್ಕಿನ ಟೇಪಿನಲ್ಲೇ ಇನ್ನೊಮ್ಮೆ ಅಳೆಯೋಣವೇ ಎಂದು ಕೇಳಿದ. ನಾನೇ ಬರುತ್ತೇನೆ ಎಂದರು ಅವರು. ಶಿಳ್ಳೆಯವರಿಗೆ ಪ್ರವಾಸಿಗಳ ಕೆಲಸವಿತ್ತಂತೆ.

ಮರುದಿನ ಬೆಳಗ್ಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಗಂಡ ಬಂದು ನಿಂತಿದ್ದ. ಕರೆದವರಾರೂ ಇಲ್ಲ. ಬೇಕರಿಯ ಒಲೆ ಆರಿಸಿ ಬಂದಿದ್ದ. ಅವನು ಈ ಕಣಿವೆಗೆ ಕಾಲಿಟ್ಟದ್ದು ಅದೇ ಮೊದಲು. ಎರಡೂ ಕಡೆ ಬಿಳಿಯ ಗೋಡೆಗಳು ಎದ್ದು ಆಕಾಶವನ್ನು ಒಂದು ನೀಲಿ ಪಟ್ಟಿ ಮಾಡಿದ್ದವು. ನೀರು ಕಲ್ಲನ್ನು ಸವೆಸಿ ಸವೆಸಿ ಬಟ್ಟಲು, ಕಿಟಕಿ, ಮೆಟ್ಟಿಲು ಏನೇನೋ ಮಾಡಿತ್ತು. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಅವನು ಬಾಯಿ ತೆರೆದು ಮೇಲೆ ನೋಡಿದ. "ಇದನ್ನ ಯಾಕೆ ನನಗೆ ಹೇಳಲಿಲ್ಲ ನೀನು?" ಎಂದ. ಹೇಳಿದ್ದಳು, ನೂರು ಸಲ. ಆದರೂ ಅವಳಿಗೆ ಸಿಟ್ಟು ಬರಲಿಲ್ಲ.

ವಾಲುಬಂಡೆಗೆ ಸಾವಿರದ ಇನ್ನೂರು. ಸರಿಯಾಗಿತ್ತು.

ಅಲ್ಲಿಂದ ಬಂಡೆರಾಶಿಗೆ—ಒಂಬೈನೂರು.

ಅವಳು ಹಟ ಹಿಡಿದು ಇನ್ನೊಮ್ಮೆ ಅಳೆಸಿದಳು. ಮತ್ತೆ ಒಂಬೈನೂರು. ಬಂಡೆರಾಶಿ ನೂರ ನಲವತ್ತೇ ಬಂತು. ಆದರೆ ಅಲ್ಲಿಂದ ಜಲಪಾತಕ್ಕೆ ಸಾವಿರದ ಎಂಟುನೂರು. ಒಟ್ಟು ನಾಲ್ಕು ಸಾವಿರದ ನಲವತ್ತು.

ಮುನ್ನೂರು ಮೀಟರ್ ಹೆಚ್ಚು ಬರೆದಿದ್ದಳು. ಕಳ್ಳನನ್ನು ಹಿಡಿಯಲು ಬಂದು ತನ್ನದೇ ಬಣ್ಣ ಬಯಲಾಯಿತಲ್ಲ ಎಂದು ಅವಳು ಜಲಪಾತದ ಎದುರು ಕುಕ್ಕರಿಸಿ ಕುಳಿತು ಅತ್ತಳು. ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಗಂಡ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟ. ಮಾವ ಮಾತ್ರ ಬಂಡೆಯ ಮೇಲೆ ಕಾಲು ಇಳಿಬಿಟ್ಟು, ಹೊಟ್ಟೆ ತುಂಬ ಉಂಡವನ ಹಾಗೆ ನಗುತ್ತಿದ್ದ.

ಮರುದಿನ ಮಾವ ಎರಡು ಗಾಲಿಗಳನ್ನು ಹೆಗಲಿಗೆ ಹಾಕಿಕೊಂಡು ಕಚೇರಿಗೆ ಬಂದ. ಹಿಂದೆ ಅತ್ತೆಯೂ ಇದ್ದಳು. ಶಿಳ್ಳೆಯವರನ್ನು ಮೊದಲೇ ಕೂರಿಸಲಾಗಿತ್ತು. ಮಾವ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ದೊಡ್ಡ ಗಾಲಿಯನ್ನು ಒಂದು ಸುತ್ತು ಉರುಳಿಸಿದ. ಎರಡು ಮೀಟರ್. ಚಿಕ್ಕದನ್ನು ಒಂದು ಸುತ್ತು ಉರುಳಿಸಿದ. ಇಪ್ಪತ್ತು ಸೆಂಟಿಮೀಟರ್ ಕಡಿಮೆ.

"ಇವಳ ಸೈಕಲ್ಲಿಗೊಂದು ಮೀಟರ್ ಇದೆ ಮೇಡಂ. ಗಾಲಿ ಎಷ್ಟು ಸುತ್ತಿತು ಅಂತ ಎಣಿಸಿ ದೂರ ಹೇಳುತ್ತೆ. ಸುತ್ತಿಗೆ ಎರಡು ಮೀಟರ್ ಅಂತ ಅದಕ್ಕೆ ಹೇಳಿಕೊಟ್ಟವನು ನಾನು. ವಾಲುಬಂಡೆ ಹತ್ರ ಗಾಲಿ ಕೆಟ್ಟಾಗ ಈ ಚಿಕ್ಕದನ್ನ ಹಾಕಿದೆ. ಮೀಟರಿಗೆ ಹೇಳೋದನ್ನ ಮರೆತೆ. ಅಲ್ಲಿಂದಾಚೆ ಐನೂರು ಸುತ್ತಿಗೆ ಇವಳು ಹೋದದ್ದು ಒಂಬೈನೂರು, ಮೀಟರ್ ತೋರಿಸಿದ್ದು ಸಾವಿರ."

"ಮತ್ತೆ ಬಂಡೆರಾಶಿ?" ಎಂದರು ಅಧಿಕಾರಿಣಿ. "ಅದೊಂದು ಸರಿಯಾಗಿ ಬಂತಲ್ಲ?"

"ಅಲ್ಲಿ ಸೈಕಲ್ ಇವಳ ಹೆಗಲ ಮೇಲಿತ್ತು. ಅಷ್ಟನ್ನ ಟೇಪಿನಲ್ಲಿ ಅಳೆದಿದ್ಲು." ಮಾವ ಶಿಳ್ಳೆಯವರ ಕಡೆ ತಿರುಗಿದ. "ಈಗ ನಿಮ್ಮ ಹಗ್ಗಕ್ಕೆ ಬರೋಣ ಸ್ವಾಮಿ. ಒಂದೇ ಹಗ್ಗ ಅಂದ್ರಿ. ವಾಲುಬಂಡೆವರೆಗೂ ಅದು ನಿಜ ಹೇಳ್ತು. ಅಲ್ಲಿಂದಾಚೆ ಗಾಲಿ ಉರುಳೋ ಕಡೆಯೆಲ್ಲ ಸುಳ್ಳು ಹೇಳ್ತು. ಗಾಲಿ ಉರುಳದ ಬಂಡೆ ಮೇಲೆ ಮತ್ತೆ ನಿಜ ಹೇಳ್ತು. ಇದ್ಯಾವ ಸೀಮೆ ಹಗ್ಗ?"

ಶಿಳ್ಳೆಯವರ ಕೈ ಕೊರಳಿನ ಶಿಳ್ಳೆಗೆ ಹೋಯಿತು.

"ಸರಿ ಲೆಕ್ಕ ಸಾವಿರ ಜನಕ್ಕೂ ಒಂದೇ ಬರುತ್ತೆ. ನೀವಂದದ್ದು ನಿಜ. ಆದ್ರೆ ಇದು ತಪ್ಪು ಲೆಕ್ಕ. ತಪ್ಪು ನನ್ನದು, ನನ್ನ ಸ್ವಂತದ್ದು. ನನ್ನ ಅಂಗಡೀಲಿ ಹುಟ್ಟಿದ ತಪ್ಪು ಕಣಿವೆಗೆ ಸೈಕಲ್ಲೇ ತರದ ನಿಮ್ಮ ನಕ್ಷೆಗೆ ಹೇಗೆ ಬಂತು? ಚಹಾ ಅಂಗಡಿ ಗೂಟದಿಂದ ಪುಸ್ತಕ ತೆಗೆದದ್ದು ನೀವೇ."

ಪುಸ್ತಕ ಮನೆಯಲ್ಲಿ, ಮೇಜಿನ ಖಾನೆಯಲ್ಲಿದೆ ಎಂದು ಶಿಳ್ಳೆಯವರು ನೆಲ ನೋಡುತ್ತಲೇ ಹೇಳಿದರು. ಅಧಿಕಾರಿಣಿ ಎದ್ದು ಗೋಡೆಯ ನಕ್ಷೆಯನ್ನು ಕಿತ್ತರು. ಅಂಚೆಯವಳ ಎರಡೂ ಕೈ ಹಿಡಿದುಕೊಂಡು, ದಾರಿಯ ಫಲಕದ ಮೇಲೆ ಯಾವ ಲೆಕ್ಕ ಬರೆಸಲಿ ಎಂದು ಕೇಳಿದರು.

"ನಾಲ್ಕು ಸಾವಿರದ ನಲವತ್ತು" ಎಂದಳು ಅವಳು. "ಮಿಕ್ಕ ಮುನ್ನೂರು ಬೇಕಾದ್ರೆ ಅವರೇ ಇಟ್ಕೊಳ್ಳಲಿ."

ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತು. ಗಂಡನ ಕಡೆ ತಿರುಗಿ, ನಿಮ್ಮನ್ನು ಅನುಮಾನಿಸಿಬಿಟ್ಟೆ ಎಂದು ಎಲ್ಲರೆದುರೇ ಹೇಳಿದಳು. ಅವನು ಅದನ್ನು ಕೇಳಿಸಿಕೊಳ್ಳದವನ ಹಾಗೆ, ಭಾನುವಾರ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದ. ಬಾಗಿಲ ಬಳಿ ಅತ್ತೆ ಮಾವನ ತೋಳು ಹಿಡಿದು ನಿಲ್ಲಿಸಿದ್ದಳು.

"ತಪ್ಪು ಯಾರದ್ದು ಅಂದ್ರಿ? ಇನ್ನೊಂದ್ಸಲ ಹೇಳಿ."

ಅಂದು ಮಧ್ಯಾಹ್ನವೇ ಮಾವ ಸೊಟ್ಟ ಗಾಲಿಯನ್ನು ನೆಟ್ಟಗೆ ಮಾಡಿ ಹಾಕಿಕೊಟ್ಟ. ಭಾನುವಾರ ಬೆಳಗ್ಗೆ ದಾರಿಯ ಹೊಸ ಉಸ್ತುವಾರಿಯಾದ ಅಂಚೆಯವಳು ಮೀಟರನ್ನು ಸೊನ್ನೆಗೆ ತಂದು, ಗಂಡನೊಡನೆ ಕಣಿವೆಯ ಬಾಯಿಯಿಂದ ಹೊರಟಳು. ಜಲಪಾತದ ಎದುರು ನಿಂತಾಗ ಅದು ಮೂರು ಸಾವಿರದ ಒಂಬೈನೂರು ತೋರಿಸಿತು. ಉಳಿದ ನೂರ ನಲವತ್ತು ಮೀಟರ್ ಸೈಕಲ್ಲನ್ನು ಗಂಡ ಹೊತ್ತಿದ್ದ.