ಅಂಚಿನಲ್ಲೊಂದು ಬೂದು ಗೆರೆ

"ಏನ್ರೀ ಇದು? ನನ್ನ ಗೊಂಬೆ ಇರೋದೇ ಒಂದು ಗೇಣು!"

ಬಟ್ಟೆಗೆ ಬೇಕಾದ ಚಿತ್ತಾರ ಅಚ್ಚು ಹಾಕಿಕೊಡುವ ಆ ಪುಟ್ಟ ಅಂಗಡಿಯಲ್ಲಿ ಅವಳು ಕೆಂಡಾಮಂಡಲವಾಗಿದ್ದಳು. ಬಟ್ಟೆ ಹರವಿ, ಅದರ ಮೇಲೆ ತಾನು ಮಾಡಿದ ಗೊಂಬೆಯನ್ನು ಮಲಗಿಸಿದಳು. ತಂತಿಯ ಮೂಳೆ, ಮಣ್ಣಿನ ಮುಖ, ಉಣ್ಣೆಯ ಜಡೆ... ಎಲ್ಲವೂ ಒಂದೇ ಒಂದು ಹೂವಿನೊಳಗೆ ಮುಳುಗಿಹೋದವು!

ಅಚ್ಚಿನವನು ತಲೆ ಕೆರೆದುಕೊಂಡ. "ಮನುಷ್ಯರ ಅಳತೆಗೆ ಹಾಕಿಬಿಟ್ಟೆ ಮೇಡಂ..."

"ಇನ್ಮೇಲೆ ಗೊಂಬೆ ಅಳತೆಗೆ ಯೋಚನೆ ಮಾಡಿ!"

ಮಾಡಿದ. ಮರುವಾರವೇ ಸಾಸಿವೆ ಕಾಳಿನಷ್ಟು ಹೂವುಗಳ ಬಟ್ಟೆಯನ್ನು ತಾನೇ ತಂದುಕೊಟ್ಟ. ಆಮೇಲೆ ಪ್ರತಿ ಶನಿವಾರವೂ ಬಂದ. ಕೆಲಸ ಮುಗಿದರೂ ಗೊಂಬೆಗಳ ಬೆರಳು ನೋಡುತ್ತಾ ಕೂತ. ಶನಿವಾರ ಬಂತೆಂದರೆ ಅವಳ ಕುಂಚ ಬಾಗಿಲ ಸದ್ದಿಗೆ ಕಾಯತೊಡಗಿತು.

ಒಂದು ವಾರ ಮಾತ್ರ ಬಟ್ಟೆಯನ್ನು ಎರಡು ದಿನ ಮೊದಲೇ ಕಳಿಸಿದ್ದ. ಅಂಚಿನುದ್ದಕ್ಕೂ ಬೂದು ಗೆರೆ!

"ಅಂಚು... ನೋಡಿದ್ರಾ?" ಶನಿವಾರ ಬಂದವನು ಕೂರದೆಯೇ ಕೇಳಿದ.

"ನೋಡದೆ ಏನು? ಇಂಥದ್ದೆಲ್ಲ ನನಗೆ ಬೇಡ. ಕತ್ತರಿಸಿ ತೆಗೆದೆ."

ಅವನು ಬಿಳಿಚಿಕೊಂಡ. "ತಪ್ಪಾಯ್ತು" ಎಂದು ಎದ್ದುಹೋದವನು ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ... ಬಟ್ಟೆ ಮಾತ್ರ ಅಂಚೆಯಲ್ಲಿ ಬಂತು, ಅಂಚು ಹಾಲಿನಷ್ಟು ಬಿಳುಪು.

'ಒಂದು ಮಸಿ ಗೆರೆಗೆ ಇಷ್ಟೊಂದು ಮುನಿಸಾ?'

ಕತ್ತರಿಸಿದ ಅಂಚನ್ನು ಬಿಸಾಡದೆ ಗೊಂಬೆಯೊಂದರ ಜಡೆಗೆ ಕಟ್ಟಿದ್ದಳು. ಅದರ ರೆಪ್ಪೆ ಬರೆಯಲು ಭೂತಗನ್ನಡಿ ಹಿಡಿದವಳ ಕೈಯಿಂದ ಕುಂಚ ಜಾರಿತು.

ಜಡೆಗೆ ಕಟ್ಟಿದ ಅಂಚಿನ ಮೇಲಿದ್ದದ್ದು ಗೆರೆಯಲ್ಲ... ಅಕ್ಷರ! ಒಂದೇ ಸಾಲು, ಮತ್ತೆ ಮತ್ತೆ: 'ನಿಮ್ಮ ಜೊತೆ ಬಾಳೋ ಆಸೆ. ಒಪ್ತೀರಾ?'

'ಅಯ್ಯೋ, ಓದಿಯೇ ಬೇಡ ಅಂದೆ ಅಂದುಕೊಂಡಿದ್ದಾರೆ!'

ಗೊಂಬೆಗೆ ತುಂಬುವ ಹತ್ತಿ ಬಿಡಿಸುತ್ತಿದ್ದ ಚಿಕ್ಕಮ್ಮ ಬಗ್ಗಿ ಓದಿ ನಕ್ಕಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಿನಗೆ ಭೂತಗನ್ನಡಿಯೇ ಬೇಕಾಯ್ತಲ್ಲೇ! ಇನ್ನೂ ಕೂತಿದ್ದೀಯಲ್ಲ, ಓಡು!"

ಓಡಿದಳು. ಅಂಗಡಿ ತಲುಪುವಷ್ಟರಲ್ಲಿ ಏದುಸಿರು.

"ಇಷ್ಟು ಸಣ್ಣದಾಗಿ ಯಾರಾದ್ರೂ ಕೇಳ್ತಾರೇನ್ರೀ?"

ಅವನು ಅವಳ ಕೈಯಲ್ಲಿದ್ದ ಭೂತಗನ್ನಡಿಯನ್ನೇ ನೋಡಿದ. "ಗೊಂಬೆ ಅಳತೆಗೆ ಅಂತ ನೀವೇ..."

"ಇದೊಂದನ್ನ ಮನುಷ್ಯರ ಅಳತೆಗೆ ಹೇಳಿ."

ಹೇಳಿದ. ಪಕ್ಕದಂಗಡಿಯವರು ಇಣುಕಿ ನೋಡುವಷ್ಟು ಜೋರಾಗಿ!

ಅವಳ ಕೆನ್ನೆ ಕೆಂಪಾಯಿತು. "ಆ ದೊಡ್ಡ ಹೂವಿನ ಬಟ್ಟೆ ಏನಾಯ್ತು?"

"ಇದೆ. ಬಿಸಾಡೋಕೆ ಮನಸ್ಸು ಬರಲಿಲ್ಲ."

"ತನ್ನಿ... ನನ್ನ ಅಳತೆಗೆ ಸರಿಹೋಗುತ್ತೆ."